ಮೈಸೂರಿನ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ 21 ದಿನ: ಮಗಳಿಗೆ ಕಾರು ಕಲಿಸಿದ ಬಗೆ

ನನ್ನ ಮಗಳು ದ್ವಿತೀಯ ಪಿಯುಸಿ ಮುಗಿಸಿ, ಹದಿನೆಂಟು ತುಂಬಿದ ವಾರದಲ್ಲೇ ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಮಾಡಿಸಿಕೊಂಡು, ಮೈಸೂರಿನಲ್ಲಿ ನಮ್ಮ ಮನೆಯಿಂದ ಒಂದು ಕಿಲೋಮೀಟರ್ ದೂರದಲ್ಲಿರುವ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಇಪ್ಪತ್ತೊಂದು ದಿನಗಳ ಕಾರು ತರಬೇತಿಗೆ ಅವರು ತೆಗೆದುಕೊಂಡ ಶುಲ್ಕ 7,500 ರೂಪಾಯಿ. ಬೆಳಿಗ್ಗೆ ಆರೂವರೆಯ ತಂಡದಲ್ಲಿ ಅವಳಿಗೆ ಜಾಗ ಸಿಕ್ಕಿತು. ಕೇಳಿಕೊಂಡದ್ದಕ್ಕೆ ಹಿಂದಿನ ಸೀಟಿನಲ್ಲಿ ಕುಳಿತು ನೋಡಲು ನನಗೂ ಅವಕಾಶ ಕೊಟ್ಟರು. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ಹೆಚ್ಚಿನದು ನಾನೇ ಕಂಡದ್ದು. ಇನ್ನೊಂದು ಶಾಲೆಯ ಮೇಲಿನ ದೂರೂ ಈ ಬರಹದಲ್ಲಿ ಬರುವುದರಿಂದ ಎರಡರ ಹೆಸರನ್ನೂ ಹೇಳುತ್ತಿಲ್ಲ. ನೀವು ನಿಮ್ಮ ಊರಿನಲ್ಲಿ ಶಾಲೆ ಹುಡುಕುವಾಗ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ತಿಳಿದರೆ ಸಾಕೆಂಬುದು ನನ್ನ ಉದ್ದೇಶ.

ಮೊದಲು ನಮ್ಮ ತಪ್ಪನ್ನು ಹೇಳಬೇಕು. ಆರು ವರ್ಷಗಳ ಹಿಂದೆ ದೊಡ್ಡ ಮಗನಿಗೆ ಹದಿನೇಳು ನಡೆಯುತ್ತಿದ್ದಾಗ, ಟ್ಯೂಷನ್‌ಗೆ ಬಸ್ಸಿನಲ್ಲಿ ಹೋದರೆ ಹೊತ್ತಾಗುತ್ತದೆ ಎಂಬ ಕಾರಣಕ್ಕೆ ನಾವೇ ಅವನ ಕೈಗೆ ಸ್ಕೂಟರಿನ ಕೀಲಿ ಕೊಟ್ಟೆವು. ಬೀದಿಯ ಎಲ್ಲ ಮಕ್ಕಳೂ ಓಡಿಸುತ್ತಾರಲ್ಲ ಎಂಬ ಸಮಾಧಾನ ನಮಗಿತ್ತು. ಜುಲೈ ತಿಂಗಳ ಒಂದು ಬೆಳಿಗ್ಗೆ, ತುಂತುರು ಮಳೆಯಲ್ಲಿ, ತಿರುವಿನಲ್ಲಿದ್ದ ಮರಳಿನ ಮೇಲೆ ಅವನು ಮುಂದಿನ ಬ್ರೇಕನ್ನು ಒತ್ತಿ ಹಿಡಿದ. ಅವನ ಕಾಲರ್ ಮೂಳೆ ಮುರಿಯಿತು. ಹಾಲು ಹಾಕಿ ಹಿಂದಿರುಗುತ್ತಿದ್ದ ಸೈಕಲ್ ಸವಾರರೊಬ್ಬರ ಮೊಣಕಾಲಿಗೆ ಪೆಟ್ಟು ಬಿತ್ತು. ಆ ಹಿರಿಯರು ಮೂರು ತಿಂಗಳು ಕುಂಟುತ್ತಾ ಹಾಲು ಹಾಕಿದ್ದನ್ನು ನಾನು ದಿನವೂ ನೋಡಿದ್ದೇನೆ. ಅವರು ದೂರು ಕೊಡಲಿಲ್ಲ. ಅದು ಅವರ ದೊಡ್ಡತನ. ಮರುವರ್ಷ ಮಗನಿಗೆ ಹದಿನೆಂಟಾದಾಗ, ಈ ಬಾರಿಯಾದರೂ ಕ್ರಮವಾಗಿ ಕಲಿಯಲಿ ಎಂದು ಒಂದು ಶಾಲೆಗೆ ಸೇರಿಸಿದೆವು.

ಆ ಶಾಲೆಯಲ್ಲಿ ಅವನು ಒಟ್ಟು ಹನ್ನೆರಡು ದಿನ, ದಿನಕ್ಕೆ ಹೆಚ್ಚೆಂದರೆ ಇಪ್ಪತ್ತು ನಿಮಿಷ ಕಾರು ಓಡಿಸಿದ. ಒಂದೇ ಕಾರಿನಲ್ಲಿ ನಾಲ್ವರು ಕಲಿಯುವವರನ್ನು ಕೂರಿಸಿಕೊಂಡು, ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಓಡಿಸುವುದನ್ನೇ ಪಾಠವೆಂದು ಲೆಕ್ಕ ಹಾಕುತ್ತಿದ್ದರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಿನ ಬಳಿಯೂ ಒಂದು ಜೊತೆ ಕ್ಲಚ್ ಮತ್ತು ಬ್ರೇಕ್ ಇರುತ್ತದೆ. ಅಲ್ಲಿನ ತರಬೇತುದಾರರು ಹನ್ನೆರಡು ದಿನವೂ ಅವುಗಳ ಮೇಲಿಂದ ಕಾಲು ತೆಗೆಯಲಿಲ್ಲವಂತೆ. ಕಾರನ್ನು ತಾನೇ ಓಡಿಸುತ್ತಿದ್ದೇನೆ ಎಂದು ಮಗ ಅಂದುಕೊಂಡಿದ್ದ. ಲೈಸೆನ್ಸ್ ಕೈಗೆ ಬಂದ ಮೇಲೆ ನಮ್ಮ ಕಾರಿನಲ್ಲಿ ಮೊದಲ ಬಾರಿ ಕುಳಿತಾಗ ಗೇಟು ದಾಟುವುದರೊಳಗೆ ನಾಲ್ಕು ಸಲ ಗಾಡಿ ಆಫ್ ಆಯಿತು. ಹಣ ಕೊಟ್ಟು ನಾವು ಕೊಂಡದ್ದು ಲೈಸೆನ್ಸನ್ನೇ ಹೊರತು ಚಾಲನೆಯನ್ನಲ್ಲ ಎಂಬುದು ನನಗೆ ಅರಿವಾದದ್ದು ಆಗ.

ಈ ಬಾರಿ ಶುಲ್ಕ ಕಟ್ಟುವ ಮೊದಲು ನಾನು ನಿಯಮಗಳನ್ನು ಓದಿಕೊಂಡು ಹೋದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಸ್ವಂತ ಬಳಕೆಯ ಕಾರು ಕಲಿಸುವ ಶಾಲೆ ಕನಿಷ್ಠ 21 ದಿನ ತರಬೇತಿ ಕೊಡಬೇಕು, ಮತ್ತು ಅದರಲ್ಲಿ ಕಲಿಯುವವರು ನಿಜವಾಗಿ ಸ್ಟಿಯರಿಂಗ್ ಹಿಡಿದ ಹೊತ್ತು ಹತ್ತು ಗಂಟೆಗೆ ಕಡಿಮೆಯಾಗಬಾರದು. ಶಾಲೆಗೆ ಫಾರಂ 11ರಲ್ಲಿ ಪರವಾನಗಿ ಇರಬೇಕು. ಯಾರು ಯಾವ ದಿನ ಎಷ್ಟು ಹೊತ್ತು ಓಡಿಸಿದರು ಎಂಬುದನ್ನು ಫಾರಂ 15ರ ವಹಿಯಲ್ಲಿ ಬರೆದಿಡಬೇಕು. ಈ ಶಾಲೆಯಲ್ಲಿ ಪರವಾನಗಿ ಗೋಡೆಯ ಮೇಲೆ ಚೌಕಟ್ಟಿನಲ್ಲಿತ್ತು. ವಹಿಯನ್ನು ತೋರಿಸಿ ಎಂದಾಗ ಕಚೇರಿಯಲ್ಲಿದ್ದ ಹೆಣ್ಣುಮಗಳು ಮುಖ ಗಂಟಿಕ್ಕದೆ ಮೇಜಿನ ಮೇಲಿಟ್ಟರು. ಪ್ರತಿ ಸಾಲಿನ ಮುಂದೆಯೂ ಕಲಿಯುವವರ ಸಹಿ ಇತ್ತು. ನನ್ನ ಮಗಳ ಲೆಕ್ಕ ಕೊನೆಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಬಂತು. ಹಿಂದಿನ ಶಾಲೆಯಲ್ಲಿ ಈ ವಹಿಯ ಹೆಸರನ್ನೇ ನಾವು ಕೇಳಿರಲಿಲ್ಲ. ಯಾವ ಶಾಲೆಗೆ ಹೋದರೂ ದಯವಿಟ್ಟು ಈ ಎರಡನ್ನು ಕೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಕಲಿಸಿದವರು ಸಾರಿಗೆ ಸಂಸ್ಥೆಯಲ್ಲಿ ಬಸ್ ಚಾಲಕರಾಗಿದ್ದು ನಿವೃತ್ತರಾದವರು. ಮೊದಲ ದಿನ ಅವರು ಗಾಡಿಯನ್ನೇ ಸ್ಟಾರ್ಟ್ ಮಾಡಿಸಲಿಲ್ಲ. ಟೈರುಗಳನ್ನು ನೋಡುತ್ತಾ, ಕೆಳಗೆ ಎಣ್ಣೆ ಸೋರಿದೆಯೇ ಎಂದು ಬಗ್ಗಿ ನೋಡುತ್ತಾ ಕಾರನ್ನು ಒಂದು ಸುತ್ತು ಬರುವಂತೆ ಮಗಳಿಗೆ ಹೇಳಿದರು. ಬಳಿಕ ಅವಳನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಸೀಟು, ಬೆಲ್ಟು ಮತ್ತು ಮೂರು ಕನ್ನಡಿಗಳನ್ನು ಅವಳ ಎತ್ತರಕ್ಕೆ ಸರಿಪಡಿಸಿದರು. ಆಮೇಲೆ ನನ್ನನ್ನು ಕರೆದು ಕಾರಿನ ಎಡ ಹಿಂಬದಿಯ ಬಾಗಿಲಿನಿಂದ ಸ್ವಲ್ಪ ಆಚೆ ನಿಲ್ಲಿಸಿದರು. "ಅಮ್ಮ ಎಲ್ಲಿದ್ದಾರೆ, ಕನ್ನಡಿಯಲ್ಲಿ ನೋಡಿ ಹೇಳಮ್ಮಾ" ಎಂದರು. ಅವಳು ಮೂರೂ ಕನ್ನಡಿಗಳನ್ನು ನೋಡಿ, "ಕಾಣ್ತಾ ಇಲ್ಲ ಸಾರ್, ಒಳಗೆ ಹೋದ್ರಾ?" ಎಂದು ಕೇಳಿದಳು. ನಾನು ಅವಳಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ಅವಳು ಕುತ್ತಿಗೆ ತಿರುಗಿಸಿ ಭುಜದ ಮೇಲಿಂದ ನೋಡಿದಾಗ ನಾನು ಅವಳ ಕಣ್ಣಿಗೆ ಬಿದ್ದೆ. ಅವಳ ಮುಖ ಸಪ್ಪಗಾದದ್ದು ನನಗೆ ಸ್ಪಷ್ಟವಾಗಿ ಕಾಣಿಸಿತು. ಬ್ಲೈಂಡ್ ಸ್ಪಾಟ್ ಎಂಬ ಮಾತನ್ನು ಅವರು ಆಮೇಲೆ ಹೇಳಿದರು. ಅಂದಿನಿಂದ ಈವರೆಗೆ ಎಡಕ್ಕೆ ತಿರುಗುವ ಮೊದಲು ಅವಳು ಕುತ್ತಿಗೆ ತಿರುಗಿಸದೆ ಇದ್ದುದನ್ನು ನಾನು ನೋಡಿಲ್ಲ.

ಮೊದಲ ವಾರವೆಲ್ಲ ಮಾನಸಗಂಗೋತ್ರಿಯ ಕಡೆಯ ನಿಶ್ಶಬ್ದ ರಸ್ತೆಗಳಲ್ಲಿ ಹಾಫ್ ಕ್ಲಚ್, ಗೇರು, ಹಿಂದಕ್ಕೆ ತೆಗೆಯುವುದು ಇವುಗಳಲ್ಲೇ ಕಳೆಯಿತು. ಇದನ್ನು ಯಾವ ಶಾಲೆಯವರೂ ಕಲಿಸುತ್ತಾರೆ. ಎರಡನೆಯ ವಾರ ಶುರುವಾದದ್ದು ಮಾತ್ರ ಬೇರೆಯೇ ಪಾಠ.

ಎಂಟನೆಯ ದಿನ ಅವರು ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡು ಬಂದಿದ್ದರು. ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಫುಟ್‌ಪಾತಿನ ಕಲ್ಲಿನ ಮೇಲೆ ಒಂದು ಗೆರೆ ಎಳೆದು, ಮಗಳನ್ನು ಅಲ್ಲಿಂದ ಹೆಜ್ಜೆ ಹಾಕಿಸಿಕೊಂಡು ಹೊರಟರು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 11 ಮೀಟರ್ ಸಾಗುತ್ತದೆ. ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ಸೆಕೆಂಡು ಮುಗಿದಿರುತ್ತದೆ. ಒಣ ರಸ್ತೆಯಲ್ಲಿ, ಬ್ರೇಕು ಸರಿಯಾಗಿದ್ದರೆ, ಕಾರು ಪೂರ್ತಿ ನಿಲ್ಲುವಾಗ ಸುಮಾರು 20 ಮೀಟರ್ ಆಗಿರುತ್ತದೆ. ಅಲ್ಲಿ ಎರಡನೆಯ ಗೆರೆ ಎಳೆದರು. ಅದೇ ಕಾರು 60ರಲ್ಲಿದ್ದರೆ ಬ್ರೇಕಿಗೆ ಕಾಲು ಹೋಗುವ ಹೊತ್ತಿಗೇ 17 ಮೀಟರ್ ಸಾಗಿರುತ್ತದೆ, ನಿಲ್ಲುವಾಗ 37 ಮೀಟರ್ ಸಮೀಪಿಸಿರುತ್ತದೆ. ಮೂರನೆಯ ಗೆರೆಯವರೆಗೆ ನಾವು ಮೂವರೂ ಮಾತಿಲ್ಲದೆ ನಡೆದೆವು. ಕಾಣುವುದಕ್ಕೆ ಅಷ್ಟು ದೂರವೆಂದು ತೋರದಿದ್ದರೂ ನಡೆದಾಗ ಬಹಳ ದೂರವಿತ್ತು. ಹಿಂದಿರುಗುವಾಗ ಅವರು ಎರಡನೆಯ ಗೆರೆಯ ಮೇಲೆ ತಾವೇ ನಿಂತರು. "ನಲವತ್ತರಲ್ಲಿ ಬಂದಿದ್ರೆ ನಿನ್ನ ಗಾಡಿ ನನ್ನ ಮುಂದೆ ಬಂದು ನಿಲ್ತಿತ್ತು. ಅರವತ್ತರಲ್ಲಿ ಬಂದ್ರೆ ಇಲ್ಲಿ ನೀನು ಆಗಷ್ಟೇ ಬ್ರೇಕ್ ಒತ್ತಿರ್ತೀಯ, ನನಗೆ ತಗಲುವಾಗ ಗಾಡಿ ಇನ್ನೂ ಐವತ್ತರ ಮೇಲೇ ಇರುತ್ತೆ" ಎಂದರು. ಮನೆಗೆ ಬಂದು ಮಗಳು ಭೌತಶಾಸ್ತ್ರದ ಸೂತ್ರ ಹಾಕಿ ಲೆಕ್ಕ ಮಾಡಿ ನೋಡಿದಳು. ಅವರು ಹೇಳಿದ್ದು ಸರಿಯಾಗಿತ್ತು.

ಬಸ್ಸಿನ ಚಾಲಕರಾಗಿದ್ದುದರಿಂದಲೋ ಏನೋ, ನಿಂತ ಬಸ್ಸನ್ನು ದಾಟುವ ಬಗ್ಗೆ ಅವರಿಗೆ ವಿಶೇಷ ಕಾಳಜಿ. ಬಸ್ಸಿನ ಮುಂದಿನಿಂದ ಯಾರು ರಸ್ತೆಗೆ ಬರುತ್ತಾರೆ ಎಂಬುದು ಹಿಂದಿನಿಂದ ಬರುವವರಿಗೆ ಕಾಣುವುದಿಲ್ಲ. "ಬಸ್ಸಿನ ಅಡಿಯಲ್ಲಿ ನೋಡಮ್ಮಾ, ಆಚೆ ಕಡೆ ಕಾಲು ಕಾಣ್ತಾವಾ? ಕಾಲು ನಡೀತಾ ಇದ್ರೆ ಇನ್ನೆರಡು ಕ್ಷಣದಲ್ಲಿ ಆ ಮನುಷ್ಯ ನಿನ್ನ ಮುಂದಿರ್ತಾನೆ" ಎಂದರು. ಇಷ್ಟು ವರ್ಷಗಳಿಂದ ಕಾರು ಓಡಿಸುತ್ತಿರುವ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ವೃತ್ತಗಳ ಬಗ್ಗೆಯೂ ಹಾಗೆಯೇ. ನಮ್ಮ ಊರಿನಲ್ಲಿ ವೃತ್ತಗಳಿಗೆ ಬರವಿಲ್ಲ. ಒಳಗೆ ಸುತ್ತುತ್ತಿರುವ ವಾಹನಕ್ಕೆ ಹೊರಗಿನಿಂದ ಬರುವವರು ದಾರಿ ಬಿಡಬೇಕು ಎಂಬ ನಿಯಮ 2017ರ ಚಾಲನಾ ನಿಯಮಾವಳಿಯಲ್ಲಿದ್ದರೂ ಪಾಲಿಸುವವರು ಕಡಿಮೆ. ಅವರು ಅವಳನ್ನು ಒಂದೇ ಬೆಳಿಗ್ಗೆ ಆರು ವೃತ್ತಗಳಿಗೆ ಕರೆದುಕೊಂಡು ಹೋಗಿ, ಕಂಡದ್ದನ್ನೆಲ್ಲ ಜೋರಾಗಿ ಹೇಳುತ್ತಾ ಓಡಿಸಲು ಹೇಳಿದರು. "ಬಲಗಡೆಯಿಂದ ಆಟೋ, ನಿಲ್ತೀನಿ, ಎಡಗಡೆ ಸ್ಕೂಟರ್ ನುಗ್ತಾ ಇದೆ, ಬಿಡ್ತೀನಿ, ಮುಂದೆ ನಾಯಿ" ಎಂದು ಅವಳು ಒಂದೇ ಸಮನೆ ಹೇಳುತ್ತಿದ್ದಳು. ಅವಳ ಮಾತು ನಿಂತಾಗಲೆಲ್ಲ, ಅವಳ ನೋಟವೂ ನಿಂತಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ಕೈಕಾಲು ಏನು ಮಾಡುತ್ತಿದೆ ಎಂಬುದಕ್ಕಿಂತ ಕಣ್ಣು ಎಲ್ಲಿದೆ ಎಂಬುದನ್ನು ಗಮನಿಸುವ ತರಬೇತುದಾರರನ್ನು ನಾನು ನೋಡಿದ್ದು ಇದೇ ಮೊದಲು. ಈ ಶಾಲೆಗೆ ನಾನು ಕೊಡುವ ಮೆಚ್ಚುಗೆಯ ಬಹುಭಾಗ ಇದಕ್ಕೇ ಸಲ್ಲುತ್ತದೆ.

ಚಾಮುಂಡಿ ಬೆಟ್ಟಕ್ಕೆ ಒಂದು ದಿನ ಹೋದೆವು. ಇಳಿಯುವಾಗ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ನಮ್ಮವರಲ್ಲಿದೆ. ಎರಡನೆಯ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದಿಟ್ಟುಕೊಳ್ಳುವುದನ್ನು ಅವಳಿಗೆ ತೋರಿಸಿ, ಇಳಿಜಾರಿನುದ್ದಕ್ಕೂ ಬ್ರೇಕನ್ನೇ ಒತ್ತುತ್ತಾ ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ ಎಂದು ವಿವರಿಸಿದರು.

ಇನ್ನು ಹದಿನೇಳನೆಯ ದಿನದ ಪಾಠ. ಹದಿಹರೆಯದವರಿಗೆ ಕಲಿಸುವ ಎಲ್ಲರೂ ಇದನ್ನು ಅಳವಡಿಸಿಕೊಳ್ಳಬೇಕು ಎಂದು ನಾನು ಮನಸಾರೆ ಬಯಸುತ್ತೇನೆ. ಹಿಂದಿನ ದಿನ ಅವರು, "ನಾಳೆ ಅಮ್ಮ ಬೇಡ, ನಿನ್ನ ಇಬ್ಬರು ಗೆಳತಿಯರನ್ನು ಕರ್ಕೊಂಡು ಬಾ" ಎಂದಿದ್ದರು. ಗೆಳತಿಯರು ಹಿಂದೆ ಕುಳಿತರು. ಹಾಡು ಹಾಕಿ, ಎಂದಿನಂತೆ ಮಾತಾಡಿ ಎಂದು ಅವರಿಗೆ ಹೇಳಿ, ಹದಿನಾರು ದಿನ ಓಡಿಸಿದ ಅದೇ ರಸ್ತೆಗೆ ಕರೆದುಕೊಂಡು ಹೋದರು. ಮಗಳು ಮನೆಗೆ ಬಂದು ತಾನಾಗಿಯೇ ಹೇಳಿದಳು: ದಿನವೂ ದಾಟುತ್ತಿದ್ದ ಹಂಪ್ ಒಂದು ಅವಳಿಗೆ ಕಾಣಲೇ ಇಲ್ಲ, ಒಂದು ಕಡೆ ಇಂಡಿಕೇಟರ್ ಹಾಕಲು ಮರೆತಳು, ಫೋನು ತೊಡೆಯ ಪಕ್ಕದಲ್ಲಿ ನಡುಗಿದಾಗ ಕಣ್ಣು ತಾನಾಗಿ ಕೆಳಗೆ ಹೋಯಿತು. ಪಕ್ಕದಲ್ಲಿ ಕುಳಿತವರು ಬೈಯಲಿಲ್ಲ, ಬೆರಳು ಮಡಚಿ ತಪ್ಪುಗಳನ್ನು ಎಣಿಸುತ್ತಾ ಹೋದರು. ಕೊನೆಗೆ ಏಳು ಬೆರಳು ಮಡಚಿದ್ದವು. ಅಪಾಯವನ್ನು ತೂಗಿ ನೋಡುವ ಮಿದುಳಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ಎಷ್ಟೋ ಕಾಲದ ಮೇಲೆ ಎಂದೂ, ಓರಗೆಯವರು ಜೊತೆಗಿದ್ದಾಗ ಎಳೆಯ ಚಾಲಕರು ಹೆಚ್ಚು ದುಡುಕುತ್ತಾರೆ ಎಂದೂ ನಾನು ಓದಿದ್ದೆ. ಅವಳಿಗೂ ಹಲವು ಸಲ ಹೇಳಿದ್ದೆ. ಅಮ್ಮನ ಮಾತು ಮಾಡದ ಕೆಲಸವನ್ನು ಆ ಒಂದು ಬೆಳಿಗ್ಗೆ ಮಾಡಿತು. ಈಗ ಕಾರು ಹತ್ತಿದೊಡನೆ ಅವಳ ಫೋನು ಹಿಂದಿನ ಸೀಟಿನ ಚೀಲಕ್ಕೆ ಹೋಗುತ್ತದೆ.

ಇಷ್ಟಾದರೂ ಹನ್ನೊಂದು ಚಿಲ್ಲರೆ ಗಂಟೆಗಳ ತರಬೇತಿ ಸಾಲದು ಎಂದೇ ನನ್ನ ಅಭಿಪ್ರಾಯ. ನನ್ನ ತಮ್ಮನ ಸಂಸಾರ ಮೆಲ್ಬರ್ನಿನಲ್ಲಿದೆ. ಅಲ್ಲಿನ ವಿಕ್ಟೋರಿಯಾ ರಾಜ್ಯದಲ್ಲಿ ಇಪ್ಪತ್ತೊಂದರೊಳಗಿನವರು ಪರೀಕ್ಷೆಗೆ ಹೋಗುವ ಮೊದಲು ಅನುಭವಿ ಚಾಲಕರನ್ನು ಪಕ್ಕದಲ್ಲಿ ಕೂರಿಸಿಕೊಂಡು 120 ಗಂಟೆ ಓಡಿಸಿ, ಪ್ರತಿ ಓಡಾಟವನ್ನೂ ಬರೆದಿಡಬೇಕು. ಪಾಸಾದ ಮೇಲೂ ಮೊದಲು ಕೆಂಪು, ಬಳಿಕ ಹಸಿರು ಬಣ್ಣದ, ಹೊಸ ಚಾಲಕರೆಂದು ತೋರಿಸುವ ಪಿ ಫಲಕ ಹಾಕಿಕೊಂಡು ಕೆಲವು ವರ್ಷ ಕಟ್ಟುಪಾಡುಗಳಲ್ಲಿ ಓಡಿಸಬೇಕು. ನಮ್ಮಲ್ಲಿಯೂ 2021ರ ಜುಲೈಯಿಂದ ಜಾರಿಯಲ್ಲಿರುವ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮದಲ್ಲಿ ಕಾರಿಗೆ 29 ಗಂಟೆಗಳ ಪಾಠ ನಿಗದಿಯಾಗಿದೆ. ಅದರಲ್ಲಿ 8 ಗಂಟೆ ತರಗತಿ, 21 ಗಂಟೆ ಅಭ್ಯಾಸ. ಅಂಥ ಕೇಂದ್ರ ಹತ್ತಿರದಲ್ಲಿ ಇರುವವರು ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ನಾವು ತಮ್ಮನ ಮಗಳ ಪುಸ್ತಕದ ಮಾದರಿಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ಇಟ್ಟಿದ್ದೇವೆ. ಮಗಳು ನನ್ನ ಅಥವಾ ಅವಳ ಅಪ್ಪನ ಪಕ್ಕದಲ್ಲಿ ಓಡಿಸಿದ ಹೊತ್ತು, ರಸ್ತೆ, ಮಳೆಯೋ ಬಿಸಿಲೋ ಎಂಬುದನ್ನು ಬರೆಯುತ್ತಾಳೆ. ಈವರೆಗೆ 43 ಗಂಟೆಯಾಗಿದೆ.

ಶಾಲೆಯ ಕೊರತೆಗಳನ್ನೂ ಹೇಳಬೇಕು. ರಾತ್ರಿಯ ಚಾಲನೆ ಅವರ ಪಾಠದಲ್ಲಿ ಇಲ್ಲವೇ ಇಲ್ಲ. ಎದುರಿನಿಂದ ಹೈ ಬೀಮ್ ಬಂದಾಗ ಕಣ್ಣನ್ನು ರಸ್ತೆಯ ಎಡ ಅಂಚಿಗೆ ಇಳಿಸಬೇಕು ಎಂಬುದನ್ನು ಬಾಯಲ್ಲಿ ಹೇಳಿದರೇ ಹೊರತು ಮಾಡಿಸಲಿಲ್ಲ. ಭಾನುವಾರದ ತರಗತಿ ನಡೆಯುವ ಕೋಣೆ ಹನ್ನೆರಡು ಜನರಿಗೆ ಸಾಲದು. ಅಲ್ಲಿ ಕೊಟ್ಟ ಸಂಚಾರ ಚಿಹ್ನೆಗಳ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ನಮ್ಮ ತಂಡದಲ್ಲಿ ಟಿ. ನರಸೀಪುರದ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬ ಅದನ್ನು ನನ್ನ ಮಗಳ ಹತ್ತಿರ ಕೇಳಿ ಕೇಳಿ ಕನ್ನಡದಲ್ಲಿ ಬರೆದುಕೊಂಡ. ಕಲಿಕಾ ಲೈಸೆನ್ಸಿನ ಪರೀಕ್ಷೆಯಲ್ಲಿ ಶೇಕಡಾ 60 ಉತ್ತರ ಸರಿಯಿದ್ದರೆ ಸಾಕು ಎಂಬುದು ನಿಜ, ಆದರೆ ರಸ್ತೆಯಲ್ಲಿ ಉಳಿದ 40ರ ಲೆಕ್ಕವನ್ನು ಯಾರೂ ಬಿಡುವುದಿಲ್ಲವಾದ್ದರಿಂದ, ಕನ್ನಡದ ಹಾಳೆಯೊಂದನ್ನು ಮಾಡಿಸಿ ಎಂದು ಕಚೇರಿಯಲ್ಲಿ ಕೇಳಿಕೊಂಡಿದ್ದೇನೆ. ಎರಡು ದಿನ ಕಾರು ಮುಕ್ಕಾಲು ಗಂಟೆ ತಡವಾಗಿ ಬಂತು. ಅದು ದೊಡ್ಡ ವಿಷಯವಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ, ಅಲ್ಲಿ ದ್ವಿಚಕ್ರ ವಾಹನ ಕಲಿಸುವುದಿಲ್ಲ ಎಂಬುದು. ವಿಚಾರಿಸಿದ ಇನ್ನೆರಡು ಶಾಲೆಗಳಲ್ಲಿಯೂ ಪರೀಕ್ಷೆಯ ದಿನಕ್ಕೆ ಸ್ಕೂಟರ್ ಕೊಡುತ್ತೇವೆ ಎಂದರೇ ಹೊರತು ಕಲಿಸುವ ಮಾತಾಡಲಿಲ್ಲ. ನಮ್ಮ ಮಕ್ಕಳು ಮೊದಲು ಹತ್ತುವುದು ಕಾರನ್ನಲ್ಲ, ಸ್ಕೂಟರನ್ನು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ, ಮತ್ತು ಅವರಲ್ಲಿ ಶೇಕಡಾ ನಲವತ್ತಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ತಿರುವಿನಲ್ಲಿ ಮರಳಿದ್ದರೆ ಮುಂದಿನ ಬ್ರೇಕನ್ನು ಹೇಗೆ ಹಿಡಿಯಬೇಕು ಎಂಬುದನ್ನು ನನ್ನ ಮಗನಿಗೆ ಯಾರೂ ಹೇಳಿಕೊಡಲಿಲ್ಲ, ನಾವೂ ಹೇಳಲಿಲ್ಲ. ಐಎಸ್‌ಐ ಗುರುತಿನ ಪೂರ್ಣ ಹೆಲ್ಮೆಟನ್ನು ಪಟ್ಟಿ ಬಿಗಿದು ಹಾಕಿಕೊಂಡಿದ್ದ ಎಂಬ ಒಂದೇ ಕಾರಣದಿಂದ ಅವನ ಪೆಟ್ಟು ಮೂಳೆಗೆ ಮುಗಿಯಿತು.

ಹದಿನೆಂಟರೊಳಗಿನವರಿಗೆ ವಾಹನ ಕೊಡುವ ತಂದೆತಾಯಂದಿರು ಕಾನೂನನ್ನೂ ಒಮ್ಮೆ ಓದಿಕೊಳ್ಳಬೇಕು. ಹದಿನಾರಕ್ಕೆ ಲೈಸೆನ್ಸ್ ಸಿಗುತ್ತದಲ್ಲ ಎನ್ನುವವರಿದ್ದಾರೆ. ಅದು 50 ಸಿಸಿ ಮೀರದ ಬೈಕುಗಳಿಗೆ ಮಾತ್ರ. ಇಂದು ಮನೆಮನೆಯಲ್ಲಿರುವ ಪೆಟ್ರೋಲ್ ಸ್ಕೂಟರುಗಳು 110, 125 ಸಿಸಿಯವು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 199ಎ ವಿಧಿಯ ಪ್ರಕಾರ ಅಪ್ರಾಪ್ತರು ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗಿನ ಸೆರೆವಾಸ, ವಾಹನದ ನೋಂದಣಿ 12 ತಿಂಗಳು ರದ್ದು, ಮತ್ತು ಆ ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ಶಿವಮೊಗ್ಗ ಜಿಲ್ಲೆಯ ನ್ಯಾಯಾಲಯಗಳು ಈ ದಂಡ ವಿಧಿಸಿದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದುವಾಗಲೆಲ್ಲ, ಆ ಜಾಗದಲ್ಲಿ ನಾವು ನಿಲ್ಲಬೇಕಿತ್ತು ಎಂದು ನನಗೆ ಅನಿಸುತ್ತದೆ.

ಎಲ್‌ಎಲ್‌ಆರ್ ಬಂದು ಮೂವತ್ತು ದಿನ ಕಳೆದ ಮೇಲೆ ಮಗಳು ಪರೀಕ್ಷೆಗೆ ಹೋದಳು. ಕೆಲವೇ ನಿಮಿಷಗಳಲ್ಲಿ ಅದು ಮುಗಿಯಿತು, ಪಾಸಾದಳು. ನಾನು ಈ ಶಾಲೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದು ಅಂಕ ಸ್ಕೂಟರಿನ ಪಾಠಕ್ಕೆ ಕಾದಿರುತ್ತದೆ. ಬೆಳಗಿನ ತಂಡಕ್ಕೇ ಸೇರಿಸಿ, ಮೊದಲ ಕೆಲವು ದಿನವಾದರೂ ಹಿಂದಿನ ಸೀಟಿನಲ್ಲಿ ನೀವೂ ಕುಳಿತುಕೊಳ್ಳಿ, ಹದಿನೇಳನೆಯ ದಿನದ ಪಾಠವನ್ನು ಬಾಯಿಬಿಟ್ಟು ಕೇಳಿ. ರಾತ್ರಿಯ ಚಾಲನೆಯನ್ನು ನಾವು ಬಿಡದೆ ಕೇಳಿದ್ದರಿಂದ, 600 ರೂಪಾಯಿ ಹೆಚ್ಚಿಗೆ ಪಡೆದು ಒಂದು ಪಾಠ ಕೊಡಲು ಈಗ ಅವರು ಒಪ್ಪಿದ್ದಾರೆ. ಮುಂದಿನ ಶನಿವಾರ ಸಂಜೆ ಏಳೂವರೆಗೆ ಕಾರು ನಮ್ಮ ಮನೆಯ ಮುಂದೆ ಬರುತ್ತದೆ, ಬನ್ನೂರು ರಸ್ತೆಯಲ್ಲಿ ಒಂದು ಗಂಟೆ. ನೋಟ್‌ಬುಕ್ಕಿನಲ್ಲಿ ಮಗಳು ಆ ಸಾಲನ್ನು ಈಗಲೇ ಎಳೆದಿಟ್ಟಿದ್ದಾಳೆ.